ಮನ್ರೋಲಪ್ಪ ಎಂಬ ಹೆಸರಿನ ಮೂಲ

ಥಾಮಸ್ ಎಂದರೆ ಅರಮಾಯಿಕ್ ಭಾಷೆಯಲ್ಲಿ ಅವಳಿ ಎಂಬುದನ್ನು ನಮ್ಮ ಕುಟುಂಬಗಳು ಬಲ್ಲವು. ಸರ್ ಥಾಮಸ್ ಮನ್ರೋ ಅವರ ಕುಲನಾಮದ ಅರ್ಥ ಬಲ್ಲವರು ವಿರಳ. ಅದು ಸ್ಕಾಟ್ಲೆಂಡಿನ ಗೇಲಿಕ್ ಮೂಲದ್ದು. ಐರ್ಲೆಂಡಿನ ರೋ ನದೀತೀರದಿಂದ ಬಂದವರೆಂಬುದು ಆ ಕುಲದ ಪರಂಪರಾಗತ ವಿವರಣೆ.

1761ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದ ಅವರು 1780ರಲ್ಲಿ ಸೈನಿಕರಾಗಿ ಮದರಾಸಿಗೆ ಬಂದರು. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ಪ್ರಧಾನ ಕಲೆಕ್ಟರರಾದರು. ನಮ್ಮ ಮಲಪನಗುಡಿ, ಹೊಸಪೇಟೆ, ಕಂಪ್ಲಿಗಳೂ ಅದರಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ್ದು. ಏಳು ವರ್ಷ ಡೇರೆಯಲ್ಲಿ ವಾಸಿಸುತ್ತ ಊರೂರು ಸುತ್ತಿ, ಹೊಲಗಳನ್ನು ಅಳೆಸಿ, ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಪಡಿಸಿದರು. ಆ ಕಂದಾಯ ಹಗುರವಾಗಿತ್ತೆಂದು ನಾವು ಭಾವಿಸಬಾರದು. ನೂರಕ್ಕೆ 25ರಷ್ಟು ಇಳಿಸಬೇಕೆಂದು 1807ರಲ್ಲಿ ಅವರೇ ಸರ್ಕಾರಕ್ಕೆ ಬರೆದರು. ಸರ್ಕಾರ ಒಪ್ಪದೆ ಗ್ರಾಮಗಳನ್ನು ಗುತ್ತಿಗೆಗೆ ಕೊಟ್ಟಿತು. 1820ರಲ್ಲಿ ಅವರು ಗವರ್ನರರಾಗಿ ಮರಳಿದ ಮೇಲೆಯೇ ರೈತವಾರಿ ಪದ್ಧತಿ ಮತ್ತೆ ನೆಲೆಗೊಂಡದ್ದು.

ಈ ಸೀಮೆಯ ಜನರು ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಅಂಕಿತನಾಮವು ವ್ಯಕ್ತಿಯನ್ನು ಸೂಚಿಸುವುದೇ ಹೊರತು ಗುಣವನ್ನಲ್ಲ ಎಂದು ತರ್ಕಶಾಸ್ತ್ರಜ್ಞರಲ್ಲಿ ಕೆಲವರ ಮತ. ರೋ ನದಿಯನ್ನು ಕಾಣದ ಆ ತಂದೆತಾಯಂದಿರು ತೊಟ್ಟಿಲಿಗೆ ತಂದದ್ದು ಗುಣವನ್ನೇ ಎಂದು ನಮಗೆ ತೋರುತ್ತದೆ. ಪರದೇಶದ ಅಧಿಕಾರಿಗೆ, ಅದೂ ಕಂದಾಯ ವಸೂಲಿ ಮಾಡಿದವರಿಗೆ, ಇಂತಹ ಗೌರವ ಅಪರೂಪ.

ಸ್ವದೇಶಕ್ಕೆ ಹೊರಡುವ ಮುನ್ನ ಈ ಜನರನ್ನು ಕಾಣಲು ಬಂದ ಮನ್ರೋ ಅವರು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ನಿಧನರಾದರು. ಅಲ್ಲಿ ಅವರ ಸ್ಮರಣಾರ್ಥ ಸರ್ಕಾರವು ಒಂದು ತೋಪನ್ನು ಬೆಳೆಸಿ, ಬಾವಿಯೊಂದನ್ನು ಕಟ್ಟಿಸಿತು.