ಗಾಳಿಪಟಕ್ಕೆ ಬಾಲ ಜೋಡಿಸಿ ವಿಮಾನ ಕಂಡ ಕೇಲಿ

ಕಾಗದದ ವಿಮಾನ ನೆಟ್ಟಗೆ ತೇಲಬೇಕಾದರೆ ಮೂತಿಗೆ ಕೊಂಚ ಭಾರವಿರಬೇಕು. ಶಾಲಾ ಬಾಲಕರಿಗೂ ಗೊತ್ತಿರುವ ಈ ಗುಟ್ಟನ್ನು ಎರಡು ಶತಮಾನಗಳ ಹಿಂದೆಯೇ ಪ್ರಯೋಗದಿಂದ ಅರಿತವನು ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ.

1773ರಲ್ಲಿ ಯಾರ್ಕ್‌ಷೈರಿನಲ್ಲಿ ಜನಿಸಿದ ಕೇಲಿ, ಬ್ರಾಂಪ್ಟನ್ ಗ್ರಾಮದ ಜಮೀನುದಾರ. ಹಕ್ಕಿಯಂತೆ ರೆಕ್ಕೆ ಬಡಿದೇ ಹಾರಬೇಕೆಂದು ಜನ ನಂಬಿದ್ದ ಕಾಲವದು. ಮೇಲೆತ್ತುವ ಕೆಲಸ ಬೇರೆ, ಮುಂದೂಡುವ ಕೆಲಸ ಬೇರೆ ಎಂದು ಕಂಡುಕೊಂಡ ಆತ, ಅಲುಗದ ರೆಕ್ಕೆಯ ವಿಮಾನವೊಂದರ ಚಿತ್ರವನ್ನು 1799ರಲ್ಲಿ ಬೆಳ್ಳಿಯ ಬಿಲ್ಲೆಯ ಮೇಲೆ ಕೆತ್ತಿದನು. 1804ರಲ್ಲಿ ಕೋಲೊಂದಕ್ಕೆ ಕಾಗದದ ಗಾಳಿಪಟವನ್ನೇ ರೆಕ್ಕೆಯಾಗಿ, ತುಸು ಮೇಲ್ಮುಖವಾಗಿ ಬಿಗಿದು, ಹಿಂದೆ ಶಿಲುಬೆಯಾಕಾರದ ಬಾಲ ಜೋಡಿಸಿದನು. ಮೂತಿಯ ಭಾರವನ್ನು ಹಿಂದೆ ಮುಂದೆ ಸರಿಸಿ, ಬಾಲವನ್ನು ಓರೆ ಮಾಡಿ ಹಾರಿಬಿಟ್ಟಾಗ ಅದು ಮುಗ್ಗರಿಸದೆ ತೇಲಿತು. ನೋಡಲು ಆಟಿಕೆಯೇ, ಆದರೆ ಇಂದಿನ ಬಹುತೇಕ ವಿಮಾನಗಳ ವಿನ್ಯಾಸ ಅದರದೇ.

ಆತನಿಗೆ ಕೊನೆಯವರೆಗೂ ದೊರೆಯದಿದ್ದುದು ಎಂಜಿನ್. ಉಗಿಯಂತ್ರ ತೀರಾ ಭಾರ. ಸಿಡಿಮದ್ದಿನ ಎಂಜಿನ್ನೂ ಕೈಗೂಡಲಿಲ್ಲ. ಆದರೂ 1853ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ತನ್ನ ಸಾರೋಟಿನ ಚಾಲಕನನ್ನು ಗ್ಲೈಡರಿನಲ್ಲಿ ಕೂರಿಸಿ ಬ್ರಾಂಪ್ಟನ್ ಕಣಿವೆಯನ್ನು ದಾಟಿಸಿದನು. ಆ ಬಡಪಾಯಿ ಕೆಳಗಿಳಿದವನೇ ಕೆಲಸ ಬಿಟ್ಟನೆಂದು ಪ್ರತೀತಿ.

ಕೇಲಿ 1857ರಲ್ಲಿ ನಿಧನನಾದನು. ಹಗುರವಾದ ಪೆಟ್ರೋಲ್ ಎಂಜಿನ್ನಿನೊಂದಿಗೆ ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಕೇಲಿಯ ಋಣವನ್ನು ವಿಲ್ಬರ್ ರೈಟ್ ಮುಂದೆ ಮುಕ್ತವಾಗಿ ಸ್ಮರಿಸಿದನು.