ಮೊದಲ ಒಂದು ವರ್ಷ

ಇಂದಿನ ಚಿಂತನೆ ಸಾಮ್ರಾಟ್ ಅಶೋಕನ ಬಗ್ಗೆ. ಸ್ವಲ್ಪ ಉದ್ದವಾಗಿದೆ. ಹೊರಗೆ ಮಳೆ ಹೊಡೆಯುತ್ತಿದೆ, ಎಲ್ಲಿಗೂ ಹೋಗುವಂತಿಲ್ಲ, ಕೂತು ಓದಿ.

ಅಶೋಕ ಎಂದ ಕೂಡಲೇ ನಮ್ಮೆಲ್ಲರ ಬಾಯಿಗೆ ಬರುವುದು ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರ ನೆಡಿಸಿದ ಮಾತು. ನಾನು ಕಲಿತದ್ದೂ ಅದನ್ನೇ, ಇಷ್ಟು ವರ್ಷ ಕಲಿಸಿದ್ದೂ ಅದನ್ನೇ. ಕಳೆದ ವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಅಕ್ಕೋರೇ, ಅಷ್ಟು ಜನರನ್ನು ಕೊಂದವನು ಒಂದೇ ದಿನದಲ್ಲಿ ಹೇಗೆ ಒಳ್ಳೆಯವನಾದ ಎಂದು ಕೇಳಿದಳು. ಕಳಿಂಗ ಯುದ್ಧ, ಪಶ್ಚಾತ್ತಾಪ ಎಂದು ಏನೋ ಹೇಳಿ ಕೂರಿಸಿದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಒಂದೇ ದಿನದಲ್ಲಿ ಆಗಲಿಲ್ಲ ಎಂದು ಅಶೋಕನೇ ಹೇಳಿಕೊಂಡಿದ್ದಾನೆ. ಅದೂ ನಮ್ಮ ಕರ್ನಾಟಕದ ಬಂಡೆಗಳ ಮೇಲೆ.

ಅವನು ಮೌರ್ಯ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ತಂದೆಯ ಕಾಲದಲ್ಲಿ ಉಜ್ಜಯಿನಿಯ ಆಡಳಿತ ನೋಡಿಕೊಳ್ಳುತ್ತಿದ್ದ, ವಿದಿಶೆಯ ಶೆಟ್ಟಿಯೊಬ್ಬನ ಮಗಳು ದೇವಿಯನ್ನು ಕೂಡಿಕೊಂಡ, ಮಹಿಂದ ಮತ್ತು ಸಂಘಮಿತ್ತೆ ಹುಟ್ಟಿದರು ಎಂದು ಸಿಂಹಳದ ಮಹಾವಂಸ ಹೇಳುತ್ತದೆ. ಸಿಂಹಾಸನಕ್ಕಾಗಿ 99 ಸಹೋದರರನ್ನು ಕೊಂದ ಎಂದೂ ಅದೇ ಗ್ರಂಥ ಹೇಳುತ್ತದೆ. ಇದನ್ನು ನಾನು ನಂಬುವುದಿಲ್ಲ. ಪಟ್ಟವೇರಿ ಹದಿಮೂರು ವರ್ಷವಾದ ಮೇಲೆ ತಾನು ನೇಮಿಸಿದ ಧಮ್ಮ ಮಹಾಮಾತ್ರರು ತನ್ನ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳಲ್ಲೂ ಕೆಲಸ ಮಾಡುತ್ತಿದ್ದಾರೆ ಎಂದು ಅಶೋಕ ಬರೆಸಿದ್ದಾನೆ. ಎಲ್ಲರನ್ನೂ ಕೊಂದಿದ್ದರೆ ಆ ಮನೆಗಳು ಎಲ್ಲಿಂದ ಬಂದವು? ದೀಕ್ಷೆಯ ನಂತರದ ಬೆಳಕು ಹೆಚ್ಚು ಕಾಣಲಿ ಎಂದು ಕತೆ ಹೇಳುವವರು ಮುಂಚಿನ ಕತ್ತಲೆಗೆ ಇನ್ನಷ್ಟು ಮಸಿ ಬಳಿದಿದ್ದಾರೆ.

ಕಳಿಂಗದ್ದು ಮಾತ್ರ ಕತೆಯಲ್ಲ. ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ, ಎಂಟು ವರ್ಷದ ನಂತರ ಕಳಿಂಗವನ್ನು ಗೆದ್ದ. ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಅಲ್ಲೇ ಸತ್ತರು, ಅದಕ್ಕಿಂತ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಲೆಕ್ಕ ಕೊಟ್ಟವನು ಗೆದ್ದವನೇ. ತಾವು ಬದುಕಿ ಉಳಿದು ಬಂಧುಗಳನ್ನು ಕಳೆದುಕೊಂಡವರ ನೋವನ್ನೂ ಅವನು ಎಣಿಸಿದ್ದಾನೆ. ಗೆದ್ದ ರಾಜರ ಶಾಸನಗಳನ್ನು ಎಂ.ಎ.ಯಲ್ಲಿ ಬೇಕಾದಷ್ಟು ಓದಿದ್ದೇನೆ, ಇಂಥದ್ದನ್ನು ಇನ್ನೊಂದು ಕಡೆ ಓದಲಿಲ್ಲ. ಆದರೂ ಕಳಿಂಗವನ್ನು ಅವನು ಹಿಂದಿರುಗಿಸಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ತನಗೆ ಪಶ್ಚಾತ್ತಾಪವಾಗಿದ್ದರೂ ಶಕ್ತಿ ಕುಗ್ಗಿಲ್ಲ ಎಂಬ ಎಚ್ಚರಿಕೆಯೂ ಇದೆ. ಮರಣದಂಡನೆಯನ್ನು ತೆಗೆಯಲಿಲ್ಲ, ಮೂರು ದಿನದ ಗಡುವು ಕೊಟ್ಟ. ನಾವು ಇದನ್ನೂ ಓದಬೇಕು. ಮತ್ತೆ, ಆ ಸಾವಿನ ಲೆಕ್ಕದ ಶಾಸನವನ್ನು ಕಳಿಂಗದಲ್ಲೇ ಕೊರೆಸಲಿಲ್ಲ. ಅಲ್ಲಿ ಅಧಿಕಾರಿಗಳಿಗೆ ಬೇರೆ ಆಜ್ಞೆ ಬರೆಸಿದ, ಪ್ರಜೆಗಳೆಲ್ಲ ನನ್ನ ಮಕ್ಕಳು, ಯಾರನ್ನೂ ವಿನಾಕಾರಣ ಸೆರೆಗೆ ಹಾಕಬೇಡಿ ಎಂಬ ಅರ್ಥದ್ದು. ಅದೇ ಆಜ್ಞೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಭೀಮಾ ನದಿಯ ದಂಡೆಯ ದೇವಿಯ ಗುಡಿಯಲ್ಲಿ ಆ ಕಲ್ಲು ವಿಗ್ರಹದ ಪೀಠವಾಗಿ ಸೇರಿಹೋಗಿತ್ತು. 1980ರ ದಶಕದ ಕೊನೆಯವರೆಗೂ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪವಿದೆ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಇದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗಗಳಲ್ಲಿ ಒಂದೇ ಶಾಸನವಿದೆ. (ಈ ಸಿದ್ದಾಪುರ ನಮ್ಮ ಘಟ್ಟದ ಮೇಲಿನದ್ದಲ್ಲ.) ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಅದರದೇ ಪಾಠ. ಮಸ್ಕಿಯದು 1915ರಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಬಂಡೆಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು, ಅಶೋಕ ಎಂಬ ಹೆಸರೇ ಕಲ್ಲಿನಲ್ಲಿ ಕಂಡದ್ದು ಮಸ್ಕಿಯಲ್ಲಿ.

ಶಾಸನದ ಸಾರ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಆಮೇಲೆ ಸಂಘದ ಹತ್ತಿರ ಹೋದೆ, ಅಲ್ಲಿಂದ ಚೆನ್ನಾಗಿ ಪ್ರಯತ್ನಿಸುತ್ತಿದ್ದೇನೆ. ಆಫ್ಘಾನಿಸ್ತಾನದಿಂದ ಕರ್ನಾಟಕದವರೆಗೆ ಆಳುತ್ತಿದ್ದ ಚಕ್ರವರ್ತಿ, ತಾನು ಒಂದು ವರ್ಷ ಸೋಮಾರಿಯಾಗಿದ್ದೆ ಎಂಬುದನ್ನು ಊರೂರಿನ ಬಂಡೆಯ ಮೇಲೆ ಕೊರೆಸಿದ್ದಾನೆ.

ಇದನ್ನು ಓದುವಾಗ ನನಗೆ ನನ್ನದೇ ಮೊದಲ ವರ್ಷ ನೆನಪಾಗುತ್ತದೆ. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಗಟ್ಟಿ ದನಿಯಲ್ಲಿ ಹೇಳಿ ಬಂದೆ. ಗೋಡೆಯ ಮೇಲೆ ಭಗವಾನ್ ಬುದ್ಧರ ಮತ್ತು ಬಾಬಾಸಾಹೇಬರ ಫೋಟೋ ಬಂತು. ಉಳಿದದ್ದೆಲ್ಲ ಹಾಗೇ ಇತ್ತು. ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡಿಯೇ ಮನೆ ಬಿಡುತ್ತಿದ್ದೆ. ತಮ್ಮನ ಮಗಳ ಮದುವೆಗೆ ಮುಹೂರ್ತ ಕೇಳಲು ಹೋದವಳೂ ನಾನೇ. ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಇಂಥ ಶಾಸ್ತ್ರಗಳ ಬಗ್ಗೆಯೂ ಅಶೋಕನ ಒಂದು ಶಾಸನವಿದೆ, ಬಳ್ಳಾರಿಯ ಆಚೆ ಆಂಧ್ರದ ಎರ್ರಗುಡಿಯ ಬಂಡೆಗಳಲ್ಲೂ ಇದೆ. ಕಾಯಿಲೆ ಬಂದಾಗ, ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನ ಮಾಡುವ ಶಾಸ್ತ್ರಗಳಿಗೆ ಫಲ ಕಡಿಮೆ, ದಾಸರ ಮತ್ತು ಕೂಲಿಯವರ ಜೊತೆ ಸರಿಯಾಗಿ ನಡೆದುಕೊಳ್ಳುವುದೇ ದೊಡ್ಡ ಶಾಸ್ತ್ರ ಎಂಬುದು ಅದರ ತಾತ್ಪರ್ಯ. ಹೆಂಗಸರು ಇಂಥದ್ದನ್ನು ಹೆಚ್ಚು ಮಾಡುತ್ತಾರೆ ಎಂದೂ ಸೇರಿಸಿದ್ದಾನೆ. ಅದನ್ನು ಒಪ್ಪಲಾರೆ, ನಮ್ಮ ಮನೆಯಲ್ಲಿ ರಾಹುಕಾಲ ಕಲಿಸಿದವರು ಅಪ್ಪ.

ಆ ಬಂಡೆಯ ಇನ್ನೊಂದು ಮಾತು: ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಪ್ರಯತ್ನಿಸಿದರೆ ಸಣ್ಣವರೂ ಸ್ವರ್ಗವನ್ನು ಪಡೆಯಬಹುದು. ಸ್ವರ್ಗ ಎಂಬ ಮಾತನ್ನೇ ಬಳಸಿದ್ದಾನೆ, ನಮ್ಮಲ್ಲಿ ಕೆಲವರಿಗೆ ಅದು ಹಿಡಿಸದು. ನನ್ನ ಕಣ್ಣು ನಿಲ್ಲುವುದು ಸಣ್ಣವರು ಎಂಬಲ್ಲಿ. ಯಾರು ಓದಬಹುದು, ಯಾರು ಕೇಳಬಾರದು ಎಂದು ಹುಟ್ಟು ನೋಡಿ ಗೆರೆ ಎಳೆದವರ ನಾಡಿನಲ್ಲಿ, ಆಡುಮಾತಿಗೆ ಹತ್ತಿರದ ಪ್ರಾಕೃತದಲ್ಲಿ, ದಾರಿಹೋಕರಿಗೆ ಕಾಣುವಂತೆ ಇದನ್ನು ಬರೆಸಿದ. ಕೊರೆದ ಲಿಪಿಕಾರನ ಹೆಸರೂ ಉಳಿದಿದೆ, ಚಪಡ. ತನ್ನ ವೃತ್ತಿಯ ಹೆಸರನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ.

ರಾಜಸ್ಥಾನದ ಬೈರಾಟಿನ ಶಾಸನದಲ್ಲಿ ಅಶೋಕ ಏಳು ಧಮ್ಮಪಾಠಗಳನ್ನು ಹೆಸರಿಸಿ, ಭಿಕ್ಕು ಭಿಕ್ಕುಣಿಯರಷ್ಟೇ ಅಲ್ಲ, ಉಪಾಸಕ ಉಪಾಸಿಕೆಯರೂ ಇವನ್ನು ಮತ್ತೆ ಮತ್ತೆ ಕೇಳಿ ಯೋಚಿಸಬೇಕು ಎಂದು ಕೋರಿದ್ದಾನೆ. ನಮ್ಮ ಭಾನುವಾರದ ಓದಿಗೆ ಬರಲು ಬೇಸರವಾದಾಗ ನಾನು ಇದನ್ನು ನೆನೆಯುತ್ತೇನೆ.

ಧಮ್ಮ ಹರಡಿದ ಕತೆ ನಿಮಗೆಲ್ಲ ಗೊತ್ತು. ಮಹಿಂದ ಸಿಂಹಳಕ್ಕೆ ಹೋದರು, ಸಂಘಮಿತ್ತೆ ಬೋಧಿವೃಕ್ಷದ ಕೊಂಬೆಯನ್ನು ಒಯ್ದರು. ಅದೇ ಸಮಯದಲ್ಲಿ ರಕ್ಖಿತ ಎಂಬ ಥೇರರನ್ನು ವನವಾಸಕ್ಕೆ ಕಳಿಸಲಾಯಿತು ಎಂದು ಮಹಾವಂಸದಲ್ಲಿದೆ. ವನವಾಸವೆಂದರೆ ನಮ್ಮ ಜಿಲ್ಲೆಯ ಬನವಾಸಿ. ರಕ್ಖಿತರು ಆಕಾಶದಲ್ಲಿ ನಿಂತು ಉಪದೇಶ ಮಾಡಿದರು ಎಂಬುದನ್ನು ಪಕ್ಕಕ್ಕಿಡಿ. ವೈಜಯಂತಿ ಎಂದು ಹೆಸರಾಗಿದ್ದ ಆ ಬನವಾಸಿಯ ಭೂತಪಾಲನೆಂಬ ಶೆಟ್ಟಿ ಮಹಾರಾಷ್ಟ್ರದ ಕಾರ್ಲೆಯ ಗುಹಾಚೈತ್ಯವನ್ನು ಪೂರ್ತಿ ಮಾಡಿಸಿದ ಎಂದು ಅಲ್ಲಿನ ಗೋಡೆಯ ಮೇಲೆ ಬರೆದಿದೆ. ಬೌದ್ಧ ಧಮ್ಮ ನಿಮಗೆ ಹೊರಗಿನಿಂದ ಬಂದದ್ದು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೆ ನಾನು ಬನವಾಸಿಯ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಮೀನಿನ ವಿಷಯ ಬಿಟ್ಟರೆ ಹೊನ್ನಾವರದವರು ನನ್ನನ್ನು ಬಿಡುವುದಿಲ್ಲ. ಅರಮನೆಯ ಅಡುಗೆಗೆ ನಿತ್ಯ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಒಂದು ಜಿಂಕೆ, ಜಿಂಕೆಯೂ ದಿನಾಲೂ ಇಲ್ಲ, ಮುಂದೆ ಅದನ್ನೂ ನಿಲ್ಲಿಸುತ್ತೇವೆ ಎಂದು ಅಶೋಕ ಬರೆಸಿದ. ಇಲ್ಲೂ ಹಂತ ಹಂತವಾಗಿಯೇ. ಪಟ್ಟವೇರಿ 26 ವರ್ಷವಾದ ಮೇಲೆ, ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿ ಮತ್ತು ಉಪೋಸಥದ ದಿನ ಮೀನು ಹಿಡಿಯಬಾರದು, ಮಾರಬಾರದು ಎಂದು ಕಂಬದ ಮೇಲೆ ಕೊರೆಸಿದ. ನಮ್ಮಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇದೆಯಲ್ಲ, ಕಾರಣ ಬೇರೆ, ಆದರೂ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಹುಣ್ಣಿಮೆಗೆ ಮೀನು ಬಿಟ್ಟಿದ್ದೇವೆ. ಅಷ್ಟೇ ಆಗಿದೆ.

ಕ್ರಿ.ಪೂ. 232ರ ಸುಮಾರಿಗೆ ಅವನು ತೀರಿಕೊಂಡ. ಅವನ ಕೊನೆಯ ದಿನಗಳ ಬಗ್ಗೆ ಕಲ್ಲುಗಳಲ್ಲಿ ಏನೂ ಇಲ್ಲ, ಅಶೋಕಾವದಾನದಲ್ಲಿ ಒಂದು ಕತೆಯಿದೆ. ಎಲ್ಲವನ್ನೂ ಸಂಘಕ್ಕೆ ಕೊಡುತ್ತಿದ್ದಾನೆ ಎಂದು ಮಂತ್ರಿಗಳು ಬೊಕ್ಕಸಕ್ಕೆ ಬೀಗ ಹಾಕಿದರಂತೆ. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೇ ವಿಹಾರಕ್ಕೆ ಕಳಿಸಿದ. ಭಿಕ್ಕುಗಳು ಅದನ್ನು ಅರೆದು, ಎಲ್ಲರಿಗೂ ಪಾಲು ಸಿಗಲಿ ಎಂದು ಸಾರಿಗೆ ಹಾಕಿ ಬಡಿಸಿದರಂತೆ.

ಸೋಮವಾರ ಆ ಹುಡುಗಿಗೆ ಮೊದಲ ಒಂದು ವರ್ಷದ ವಿಷಯ ಹೇಳುತ್ತೇನೆ. ನೆಲ್ಲಿಕಾಯಿಯ ಕತೆಯನ್ನೂ ಹೇಳುತ್ತೇನೆ, ಇದು ಕಲ್ಲಿನಲ್ಲಿಲ್ಲ, ಕತೆಯಲ್ಲಿ ಮಾತ್ರ ಇದೆ ಎಂದು ಸೇರಿಸಿ.

ಜೈ ಭೀಮ್. ನಮೋ ಬುದ್ಧಾಯ.