ಬೇಸಾಯದ ನೆಲೆ ಕಲ್ಪಿಸಿದ ದೊಡ್ಡಸ್ವಾಮಿ

ಫ್ರಾನ್ಸಿನ ಗುರು ಅಬ್ಬೆ ದುಬ್ವಾ ಅವರು 1792ರಲ್ಲಿ ತಾಯ್ನಾಡನ್ನು ತೊರೆದು ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ, ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಅರಸಿ ಒಂದುಗೂಡಿಸಿದರು. ಆ ಕುಟುಂಬಗಳ ಬಡತನವನ್ನು ಕಂಡು ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಸ್ಥಾಪಿಸಿದರು. ಉಳಲು ನೆಲವಿದ್ದರೆ ಸಂಸಾರ ಒಂದೆಡೆ ನೆಲೆಯೂರುತ್ತದೆ. ಸಂಸಾರಗಳು ನೆಲೆನಿಂತ ಊರಿನಲ್ಲಿ ಧರ್ಮಸಭೆಯೂ ಬೇರುಬಿಡುತ್ತದೆ.

ಸಿಡುಬಿನ ಹಾವಳಿಯನ್ನು ತಡೆಯಲು ಅವರು 1803-04ರಲ್ಲಿ 25 ಸಾವಿರಕ್ಕೂ ಮಿಗಿಲಾದ ಜನರಿಗೆ ಲಸಿಕೆ ಹಾಕಿಸಿದರು. ದೇಶೀಯ ಉಡುಗೆ ತೊಟ್ಟು, ಸಸ್ಯಾಹಾರವನ್ನೇ ಸೇವಿಸುತ್ತ ಬಾಳಿದ ಅವರನ್ನು ಜನರು ದೊಡ್ಡಸ್ವಾಮಿಯೆಂದು ಗೌರವಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿ, 1848ರಲ್ಲಿ ಪ್ಯಾರಿಸ್‌ನಲ್ಲಿ ದೈವಾಧೀನರಾದರು. ಅನ್ನದ ದಾರಿಯನ್ನೂ ಆತ್ಮದ ದಾರಿಯನ್ನೂ ಒಟ್ಟಿಗೆ ತೋರಿದ ಈ ಗುರುವನ್ನು ನಮ್ಮ ಕುಟುಂಬಗಳು ಮರೆಯಲಾಗದು.